ತಗ್ಗಿದ ತಲೆ ತಪ್ಪೊಪ್ಪಿಗೆಯೇ?

ಶ್ರೀ ವೀತರಾಗಾಯ ನಮಃ



ಕಳೆದ ಚಾತುರ್ಮಾಸದಲ್ಲಿ ನಮ್ಮೂರ ಬಸದಿಯ ಸ್ವಾಧ್ಯಾಯ ಗೋಷ್ಠಿಯಲ್ಲಿ ಪ್ರಾಯಶ್ಚಿತ್ತವೆಂಬ ಅಂತರಂಗ ತಪಸ್ಸಿನ ವಿಷಯ ನಡೆಯುತ್ತಿತ್ತು. ಆಗ ಶ್ರಾವಿಕೆಯೊಬ್ಬರು ಎದ್ದು ಹೀಗೆ ಕೇಳಿದರು: “ಮಾಸ್ತರರೇ, ನಮ್ಮ ಮನೆಯ ನಾಯಿ ಚಪ್ಪಲಿ ಕಚ್ಚಿ ಹರಿದ ದಿನ ನಮ್ಮ ಮುಖ ಕಂಡೊಡನೆ ಮಂಚದ ಕೆಳಗೆ ಸೇರುತ್ತದೆ. ಕಿವಿಯನ್ನು ಹಿಂದಕ್ಕೆ ಒತ್ತಿ, ಬಾಲ ಮುದುರಿ, ಕಣ್ಣು ತಪ್ಪಿಸುತ್ತದೆ. ಮನುಷ್ಯನಿಗಾದರೆ ತಪ್ಪೊಪ್ಪಿಕೊಳ್ಳುವುದಕ್ಕೆ ಇಷ್ಟು ಶಾಸ್ತ್ರ ಬೇಕು. ನಾಯಿಗೆ ಅದು ತಾನಾಗಿಯೇ ಬರುತ್ತದಲ್ಲ! ಅದಕ್ಕೂ ಪಶ್ಚಾತ್ತಾಪವುಂಟೇ?”

ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅದರ ಕಾರಣವನ್ನು ಮುಂದೆ ನಿವೇದಿಸುತ್ತೇನೆ. ಪ್ರಶ್ನೆ ಮಾತ್ರ ಸಾಮಾನ್ಯವಾದುದಲ್ಲ. ವ್ರತ, ಉಪವಾಸ, ಪ್ರತಿಕ್ರಮಣಗಳನ್ನು ಆಚರಿಸುವ ನಮ್ಮೆಲ್ಲರನ್ನೂ ಅದು ಮುಟ್ಟುತ್ತದೆ. ಆದ್ದರಿಂದ ಮೊದಲು ಆಗಮದ ದೃಷ್ಟಿಯಿಂದಲೂ, ಅನಂತರ ಈಗಿನ ಪ್ರಯೋಗಗಳ ದೃಷ್ಟಿಯಿಂದಲೂ, ಕಡೆಗೆ ನಮ್ಮ ಆಚರಣೆಯ ದೃಷ್ಟಿಯಿಂದಲೂ ಇದನ್ನು ವಿಚಾರಿಸೋಣ.

ನಾಯಿ ತಿರ್ಯಂಚಗತಿಯ ಜೀವ, ಪಂಚೇಂದ್ರಿಯ, ಅದರಲ್ಲಿಯೂ ಸಂಜ್ಞಿ, ಎಂದರೆ ಮನಸ್ಸುಳ್ಳದ್ದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಜೀವಗಳನ್ನು ಸಮನಸ್ಕ, ಅಮನಸ್ಕ ಎಂದು ವಿಂಗಡಿಸಿದ್ದಾರೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಸಂಜ್ಞಿಯ ಲಕ್ಷಣವನ್ನು ಬಿಡಿಸಿ ಹೇಳಿದ್ದಾರೆ. ಕಲಿಸಿದ್ದನ್ನು ಕಲಿಯುವುದು, ಹೇಳಿದ ಕ್ರಿಯೆಯನ್ನು ಮಾಡುವುದು, ಉಪದೇಶವನ್ನು ಗ್ರಹಿಸುವುದು, ಕರೆದರೆ ತಿಳಿಯುವುದು ಇವು ಮನಸ್ಸಿರುವುದರ ಗುರುತುಗಳು. ಹೆಸರು ಹಿಡಿದು ಕರೆದರೆ ಓಡಿಬರುವ, ‘ಕೂರು’ ಎಂದರೆ ಕೂರುವ ನಾಯಿಯನ್ನು ಕಂಡ ಯಾರಿಗೂ ಈ ಲಕ್ಷಣಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ.

ಮನಸ್ಸಿದ್ದ ಮೇಲೆ ಭಾವಗಳೂ ಇವೆ. ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಗಳಿಗೆಲ್ಲ ಅಂಟಿಕೊಂಡಿವೆ. ಕ್ರೋಧ, ಮಾನ, ಮಾಯೆ, ಲೋಭವೆಂಬ ಕಷಾಯಗಳೂ, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮೊದಲಾದ ಒಂಬತ್ತು ನೋಕಷಾಯಗಳೂ ಚಾರಿತ್ರಮೋಹನೀಯ ಕರ್ಮದ ಉದಯದಿಂದ ಉಂಟಾಗುವಂಥವು. ಆ ಕರ್ಮ ಮನುಷ್ಯನ ಮನೆಯ ಸೊತ್ತಲ್ಲ. ಯಜಮಾನ ಮನೆಗೆ ಬಂದಾಗ ಕುಣಿಯುವ ನಾಯಿಯ ರತಿಯೂ, ಮರಿಯನ್ನು ಕಳೆದುಕೊಂಡು ಮೂಲೆ ಸೇರಿದ ನಾಯಿಯ ಶೋಕವೂ ಅದೇ ಕರ್ಮದ ಫಲಗಳು. ಆದ್ದರಿಂದ ‘ಪ್ರಾಣಿಗಳಿಗೆ ಮನುಷ್ಯರಂಥ ಭಾವಗಳಿವೆಯೇ’ ಎಂದು ಕೇಳುವುದರಲ್ಲಿಯೇ ಒಂದು ಸಣ್ಣ ಮಾನಕಷಾಯ ಅಡಗಿದೆಯೆಂದು ನನಗೆ ತೋರುತ್ತದೆ. ಭಾವಗಳು ಜೀವದವು, ಅವನ್ನು ಮನುಷ್ಯನವೆಂದು ಬರೆದುಕೊಂಡವರು ನಾವು.

ಇಷ್ಟು ನಿಶ್ಚಯವಾದ ಮೇಲೆ ಉಳಿಯುವುದು ಪಶ್ಚಾತ್ತಾಪದ ಮಾತು. ‘ನಾನು ಮಾಡಿದ್ದು ತಪ್ಪು’ ಎಂದು ತನ್ನೊಳಗೇ ತನ್ನನ್ನು ಹಳಿದುಕೊಳ್ಳುವುದನ್ನು ನಿಂದೆಯೆಂದೂ, ಅದನ್ನೇ ಗುರುಸಾಕ್ಷಿಯಾಗಿ ಹೇಳಿಕೊಳ್ಳುವುದನ್ನು ಗರ್ಹೆಯೆಂದೂ ಶಾಸ್ತ್ರ ಕರೆಯುತ್ತದೆ. ಭಯ ಬೇರೆ, ನಿಂದೆ ಬೇರೆ. ಭಯಕ್ಕೆ ಎದುರಿಗೊಬ್ಬ ಬೇಕು. ನಿಂದೆಗೆ ಯಾರೂ ಬೇಡ. ಮಂಚದ ಕೆಳಗೆ ಸೇರಿದ ನಾಯಿಯಲ್ಲಿರುವುದು ಇವೆರಡರಲ್ಲಿ ಯಾವುದು?

ಇಲ್ಲಿ ನನ್ನ ಬಾಳಿನ ಒಂದು ಅತಿಚಾರವನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದಿನ ದಶಲಕ್ಷಣ ಪರ್ವ. ಚತುರ್ದಶಿಯ ಉಪವಾಸ ಮುಗಿಸಿ, ಮರುದಿನ ಪೂಜೆ ಸಲ್ಲಿಸಿ ಪಾರಣೆ ಮಾಡುವವನಿದ್ದೆ. ಅಷ್ಟದ್ರವ್ಯದ ತಟ್ಟೆಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ತಟ್ಟೆ ಮಗುಚಿ, ಅಕ್ಷತೆ ಅಂಗಳದವರೆಗೂ ಚೆಲ್ಲಿತ್ತು. ಪಕ್ಕದಲ್ಲಿ ಕಾಳ ನಿಂತಿತ್ತು. ಕಾಳ ನಾವು ತಂದು ಸಾಕಿದ ನಾಯಿಯಲ್ಲ. ಹಿಂಸ್ರ ಪ್ರಾಣಿಗಳನ್ನು ಸಾಕುವ ವಿಷಯದಲ್ಲಿ ನಮ್ಮ ಹಿರಿಯರು ಹೇಳಿರುವ ಎಚ್ಚರಿಕೆಯನ್ನು ನಾನು ಬಲ್ಲೆ. ಮಳೆಗಾಲದ ಒಂದು ರಾತ್ರಿ ತಾನಾಗಿ ಬಂದು ಜಗಲಿಯಡಿ ಮಲಗಿ, ರೊಟ್ಟಿ ಮಜ್ಜಿಗೆಯನ್ನವುಂಡು ಉಳಿದ ಜೀವ ಅದು.

ನಾನು “ಕಾಳಾ!” ಎಂದು ಗದರಿದೆ. ಅದು ತಲೆ ತಗ್ಗಿಸಿತು. ಕಿವಿ ಹಿಂದೆ ಸರಿಯಿತು, ಬಾಲ ಕಾಲಸಂದಿಗೆ ಹೋಯಿತು, ಕಣ್ಣು ಬೇರೆ ಕಡೆ ತಿರುಗಿತು. ನಾನು ಮನೆಯವರನ್ನು ಕರೆದು, “ನೋಡಿ, ಸಾಕ್ಷಿಯೇ ಬೇಡ, ಅದರ ಮುಖವೇ ಒಪ್ಪಿಕೊಳ್ಳುತ್ತಿದೆ” ಎಂದೆ. ಕೋಲು ಕೈಗೆ ಬಂತು. ಎಷ್ಟು ಪೆಟ್ಟು ಹೊಡೆದೆನೆಂದು ಎಣಿಸಲಿಲ್ಲ. ಅಷ್ಟಕ್ಕೇ ಬಿಡದೆ, “ಇವತ್ತು ಅದಕ್ಕೆ ಯಾರೂ ಅನ್ನ ಹಾಕಕೂಡದು, ಅದಕ್ಕೂ ಒಂದು ಉಪವಾಸವಾಗಲಿ” ಎಂದು ಹೇಳಿದೆ. ಈ ಮಾತನ್ನು ಹಾಸ್ಯವೆಂದು ಭಾವಿಸಿ ನಾನೇ ನಕ್ಕೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಏಳು ವರ್ಷದ ಮೊಮ್ಮಗ ತುತ್ತು ಎತ್ತಲಿಲ್ಲ. ಬಹಳ ಹೊತ್ತು ಅನ್ನವನ್ನು ಕಲೆಸುತ್ತ ಕುಳಿತು, ಕಡೆಗೆ, “ಅಜ್ಜಾ, ಕಾಳನಿಗೂ ಹಾಕಲು ಹೇಳಿ. ತಟ್ಟೆ ಬೀಳಿಸಿದ್ದು ನಾನು” ಎಂದ. ಬೆಳಿಗ್ಗೆ ನಾನು ಕೋಲು ಹಿಡಿದಾಗ ಅವನು ಬಾಗಿಲಲ್ಲೇ ನಿಂತಿದ್ದ. ಅವನ ಮುಖದಲ್ಲಿ ನಾನು ಏನನ್ನೂ ಕಂಡಿರಲಿಲ್ಲ. ಏಕೆಂದರೆ ಅವನನ್ನು ಗದರಿಸಿರಲಿಲ್ಲ.

ಮರುದಿನ ಕ್ಷಮಾವಣಿ. ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು ಕ್ಷಮೆ ಬೇಡಿ ಬಂದೆ. ಮನೆಗೆ ಬಂದವನೇ ಕಾಳನ ಬಳಿ ಕುಳಿತು, ತಲೆ ಸವರಬೇಕೆಂದು ಕೈ ಚಾಚಿದೆ. ಅದು ತಲೆ ತಗ್ಗಿಸಿತು. ಕಿವಿ ಹಿಂದೆ ಸರಿಯಿತು, ಬಾಲ ಮುದುರಿತು, ಕಣ್ಣು ಬೇರೆ ಕಡೆ ತಿರುಗಿತು. ಹಿಂದಿನ ದಿನ ಯಾವ ಮುಖವನ್ನು ತಪ್ಪೊಪ್ಪಿಗೆಯೆಂದು ಓದಿದ್ದೆನೋ ಅದೇ ಮುಖ. ಈ ಸಲ ಅಪರಾಧಿ ನಾನು. ತಲೆ ತಗ್ಗಿಸಿದ್ದು ಅದು.

ಅನಂತರ ನಾನು ಈ ವಿಷಯವನ್ನು ಹುಡುಕಿ ಓದಿದೆ. ಅಮೆರಿಕದ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 14 ನಾಯಿಗಳು, ಅವುಗಳ ಯಜಮಾನರು. ಯಜಮಾನ ಒಂದು ತಿಂಡಿಯನ್ನು ತೋರಿಸಿ ‘ತಿನ್ನಬೇಡ’ ಎಂದು ಆಜ್ಞೆಮಾಡಿ ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ಕೆಲವು ಸಲ ನಾಯಿ ತಿಂಡಿಯನ್ನು ತಿನ್ನುತ್ತದೆ, ಕೆಲವು ಸಲ ತಿನ್ನುವುದಿಲ್ಲ. ಹಿಂತಿರುಗಿದ ಯಜಮಾನನಿಗೆ ಕೆಲವು ಸಲ ನಿಜವನ್ನೂ ಕೆಲವು ಸಲ ಸುಳ್ಳನ್ನೂ ಹೇಳಲಾಗುತ್ತದೆ. ತಿಂದಿದೆಯೆಂದು ಕೇಳಿದವನು ನಾಯಿಯನ್ನು ಗದರುತ್ತಾನೆ; ತಿಂದಿಲ್ಲವೆಂದು ಕೇಳಿದವನು ಮುದ್ದಿಸುತ್ತಾನೆ. ಫಲವೇನಾಯಿತು? ಆ ‘ತಪ್ಪಿತಸ್ಥ ಮುಖ’ ಕಾಣಿಸಿಕೊಂಡದ್ದು ತಿಂದುದಕ್ಕೆ ಅನುಸಾರವಾಗಿ ಅಲ್ಲ, ಗದರಿಕೆಗೆ ಅನುಸಾರವಾಗಿ. ಇನ್ನೂ ಆಶ್ಚರ್ಯವೆಂದರೆ, ಆಜ್ಞೆ ಮೀರದೆ ಸುಮ್ಮನಿದ್ದೂ ಗದರಿಸಿಕೊಂಡ ನಾಯಿಗಳಲ್ಲಿ ಆ ಮುಖ ಮತ್ತಷ್ಟು ಸ್ಪಷ್ಟವಾಗಿತ್ತು. 2015ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಇದ್ದ ತಂಡವೊಂದು ಇದೇ ಜಾಡಿನಲ್ಲಿ ಪರೀಕ್ಷಿಸಿತು. ನಾಯಿ ತಿಂದಿತ್ತೋ ಇಲ್ಲವೋ, ತಿಂಡಿ ಮಾಯವಾಗಿತ್ತೋ ಇದ್ದಲ್ಲೇ ಇತ್ತೋ ಎಂಬುದರಿಂದ ಆ ಮುಖಭಾವದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ತಲೆ ತಗ್ಗಿಸುವುದು, ಕಿವಿ ಒತ್ತುವುದು, ಬಾಲ ಮುದುರುವುದು, ಕಣ್ಣು ತಪ್ಪಿಸುವುದು, ಕೆಲವು ಸಲ ಹೊಟ್ಟೆ ಮೇಲಾಗಿ ಹೊರಳುವುದು ಇವೆಲ್ಲ ನಾಯಿಯ ಜಾತಿಯಲ್ಲಿ ಬಲಿಷ್ಠನ ಕೋಪವನ್ನು ಶಾಂತಗೊಳಿಸುವ ಚೇಷ್ಟೆಗಳೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ‘ನಿನ್ನೊಡನೆ ನನಗೆ ಜಗಳವಿಲ್ಲ, ಹೊಡೆಯಬೇಡ’ ಎಂಬುದು ಅವುಗಳ ಅರ್ಥ. ಅದನ್ನು ನಾನು ‘ನಾನೇ ಕಳ್ಳ, ಹೊಡಿ’ ಎಂದು ಓದಿದೆ. ಶಾಲೆಯಲ್ಲಿ ಅಷ್ಟು ವರ್ಷ ಪಾಠ ಹೇಳಿದವನು ಓದಿದ ರೀತಿ ಇದು! ಬಳಪ ಕಳವಾದ ದಿನ ನಡುಗುತ್ತ ನಿಂತ ಹುಡುಗನನ್ನೇ ಕಳ್ಳನೆಂದು ಎಷ್ಟು ಸಲ ತೀರ್ಮಾನಿಸಿದ್ದೆನೋ, ಆ ಲೆಕ್ಕ ಈಗ ಸಿಕ್ಕುವಂತಿಲ್ಲ.

ಆದರೆ ಇಷ್ಟರಿಂದ ನಾಯಿಗೆ ಪಶ್ಚಾತ್ತಾಪವೇ ಇಲ್ಲವೆಂದು ಹಾರಿ ಹೇಳುವುದೂ ಏಕಾಂತವಾಗುತ್ತದೆ. ಆ ಮುಖ ಪಶ್ಚಾತ್ತಾಪಕ್ಕೆ ಸಾಕ್ಷಿಯಲ್ಲ ಎಂಬುದಷ್ಟೇ ಪ್ರಯೋಗದ ಫಲ. ಒಳಗೆ ಏನಿದೆಯೆಂಬುದನ್ನು ಅದು ನಿರ್ಣಯಿಸಿಲ್ಲ. ಬೇರೆ ಭಾವಗಳ ಗುರುತುಗಳು ಪ್ರಯೋಗಗಳಲ್ಲಿಯೂ ಕಂಡಿವೆ. ವಿಯೆನ್ನಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೈಕೊಡುವ ಕೆಲಸಕ್ಕೆ ಪಕ್ಕದ ನಾಯಿಗೆ ತಿಂಡಿ ಸಿಕ್ಕು ತನಗೆ ಸಿಕ್ಕದಿದ್ದಾಗ, ನಾಯಿಗಳು ಬೇಗನೆ ಕೈಕೊಡುವುದನ್ನು ನಿಲ್ಲಿಸಿದವು. 2014ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋದಲ್ಲಿ 36 ನಾಯಿಗಳ ಮುಂದೆ ಅವುಗಳ ಯಜಮಾನರು ಬೊಗಳುವ ಆಟಿಕೆಯ ನಾಯಿಯೊಂದನ್ನು ಮುದ್ದಿಸಿದಾಗ, ಅನೇಕ ನಾಯಿಗಳು ನಡುವೆ ನುಗ್ಗಿ ಯಜಮಾನನನ್ನು ತಳ್ಳಿದವು. ಯಜಮಾನ ಪುಸ್ತಕ ಓದುತ್ತಿದ್ದಾಗ ಅಷ್ಟಾಗಿ ಹಾಗೆ ಮಾಡಲಿಲ್ಲ. ಅಸೂಯೆಗೆ ಸಮೀಪದ ಭಾವವೊಂದು ಅಲ್ಲಿ ಇರಬಹುದೆಂದು ಸಂಶೋಧಕರು ಅಭಿಪ್ರಾಯಪಟ್ಟರು. ಕಷಾಯ, ನೋಕಷಾಯಗಳನ್ನು ಬಲ್ಲ ನಮಗೆ ಇದು ಅನಿರೀಕ್ಷಿತವಲ್ಲ.

ಪುರಾಣಗಳಂತೂ ಇನ್ನೂ ಮುಂದೆ ಹೋಗುತ್ತವೆ. ಮಹಾವೀರಸ್ವಾಮಿಯ ಜೀವ ಪೂರ್ವಭವವೊಂದರಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶವನ್ನು ಕೇಳಿ ಕಣ್ಣೀರಿಟ್ಟು ವ್ರತ ಹಿಡಿಯಿತು. ಪಾರ್ಶ್ವನಾಥಸ್ವಾಮಿಯ ಜೀವ ಆನೆಯಾಗಿದ್ದಾಗ ಅಣುವ್ರತಗಳನ್ನು ಪಾಲಿಸಿತು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚಕ್ಕೆ ಐದನೆಯ ಗುಣಸ್ಥಾನದವರೆಗೂ ಏರುವ ಅರ್ಹತೆಯಿದೆಯೆಂದು ಸಿದ್ಧಾಂತ ಹೇಳುತ್ತದೆ. ಎಂದರೆ ವ್ರತಧಾರಿ ಶ್ರಾವಕನ ಸ್ಥಾನದವರೆಗೆ. ಹೀಗಿರುವಾಗ ನಾಯಿಯ ಆತ್ಮಕ್ಕೆ ಪಶ್ಚಾತ್ತಾಪದ ಬಾಗಿಲು ಮುಚ್ಚಿದೆಯೆಂದು ಯಾರು ಹೇಳಬಲ್ಲರು? ಪರರ ಮನಸ್ಸಿನಲ್ಲಿರುವುದನ್ನು ನೇರವಾಗಿ ಅರಿಯಲು ಮನಃಪರ್ಯಯಜ್ಞಾನ ಬೇಕು. ಮತಿ, ಶ್ರುತ ಜ್ಞಾನಗಳ ಸಣ್ಣ ದೀಪ ಹಿಡಿದ ನಾವು ಊಹಿಸಬಹುದು. ಊಹೆಯ ಮೇಲೆ ಶಿಕ್ಷೆ ವಿಧಿಸಲಾಗದು.

ಒಂದು ಸಂಗತಿ ಮಾತ್ರ ಊಹೆಯಲ್ಲ. ಅಪರಾಧಪ್ರಜ್ಞೆ ಇದೆಯೋ ಇಲ್ಲವೋ, ನೋವು ಇದೆ, ಭಯ ಇದೆ. ಅನಿಶ್ಚಿತವಾದ ಮೊದಲನೆಯದರ ಹೆಸರಿನಲ್ಲಿ ನಿಶ್ಚಿತವಾದ ಎರಡನೆಯದನ್ನು ನಾವು ಉಂಟುಮಾಡುತ್ತೇವೆ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಾಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರು ತಡೆಯುವುದು. ಇಲ್ಲಿ ‘ವಧ’ವೆಂದರೆ ಪ್ರಾಣ ತೆಗೆಯುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದೆಂದು ವ್ಯಾಖ್ಯಾನಕಾರರು ಸ್ಪಷ್ಟಪಡಿಸಿದ್ದಾರೆ. ಈ ಪಟ್ಟಿಯನ್ನು ನಾನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಪಾರಣೆಯ ಒಂದೇ ಬೆಳಗಿನಲ್ಲಿ ಐದರಲ್ಲಿ ಎರಡನ್ನು ಮಾಡಿದೆ. ಪರರಿಗೆ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡಿದರೆ ಅಸಾತಾವೇದನೀಯ ಕರ್ಮದ ಆಸ್ರವವೆಂದು ತತ್ತ್ವಾರ್ಥಸೂತ್ರ ಹೇಳುವಾಗ, ಆ ‘ಪರ’ರು ಎರಡು ಕಾಲಿನವರೇ ಆಗಿರಬೇಕೆಂದು ಎಲ್ಲಿಯೂ ಹೇಳಿಲ್ಲ.

ಇನ್ನು ‘ಅದಕ್ಕೂ ಒಂದು ಉಪವಾಸವಾಗಲಿ’ ಎಂಬ ಆ ಮಾತು. ಉಪವಾಸವೆಂದರೆ ಆಹಾರದ ಜೊತೆಗೆ ವಿಷಯ ಕಷಾಯಗಳನ್ನೂ ಬಿಟ್ಟು ಆತ್ಮದ ಸಮೀಪದಲ್ಲಿ ವಾಸಿಸುವುದು. ಕಷಾಯ ಬಿಡದೆ ಊಟ ಮಾತ್ರ ಬಿಟ್ಟರೆ ಅದು ಲಂಘನವೆಂದು ಹಿರಿಯರು ಹೇಳುತ್ತಾರೆ. ತಾನು ಬಯಸಿ ಬಿಟ್ಟ ಅನ್ನ ತಪಸ್ಸು. ಇನ್ನೊಬ್ಬರಿಂದ ಕಸಿದ ಅನ್ನ ಹಿಂಸೆ. ಹಿಂದಿನ ದಿನ ನನ್ನದು ಲಂಘನವಾಗಿತ್ತು. ಆ ದಿನ ಕಾಳನದು ಅನ್ನಪಾನನಿರೋಧವಾಯಿತು. ನಮ್ಮಿಬ್ಬರಲ್ಲಿ ಉಪವಾಸ ಮಾಡಿದವರು ಯಾರೂ ಇರಲಿಲ್ಲ.

ಜೀವಂಧರಕುಮಾರನ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ವಾದೀಭಸಿಂಹಸೂರಿಗಳ ಕ್ಷತ್ರಚೂಡಾಮಣಿಯಲ್ಲಿಯೂ, ಕನ್ನಡದಲ್ಲಿ ಭಾಸ್ಕರಕವಿಯ ಜೀವಂಧರ ಚರಿತೆಯಲ್ಲಿಯೂ ಬರುವ ಕಥೆ. ಯಜ್ಞಕ್ಕೆಂದು ಇಟ್ಟ ಹವಿಸ್ಸನ್ನು ಮುಟ್ಟಿತೆಂದು ಜನರು ಒಂದು ನಾಯಿಯನ್ನು ಪ್ರಾಣ ಹೋಗುವಂತೆ ಹೊಡೆದಿದ್ದರು. ಆ ದಾರಿಯಲ್ಲಿ ಬಂದ ಕುಮಾರ, ನಾಯಿ ತಪ್ಪು ಮಾಡಿತ್ತೇ ಇಲ್ಲವೇ ಎಂಬ ವಿಚಾರಣೆಗೆ ಇಳಿಯಲಿಲ್ಲ. ಬಳಿಯಲ್ಲಿ ಕುಳಿತು, ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರಿದ. ಆ ಜೀವ ಶಾಂತಭಾವದಿಂದ ದೇಹ ಬಿಟ್ಟು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಉಪಕಾರವನ್ನು ಮರೆಯದೆ ಕುಮಾರನ ಕಷ್ಟಕಾಲದಲ್ಲಿ ನೆರವಾಯಿತು. ಪೂಜಾದ್ರವ್ಯ ಕೆಟ್ಟಿತೆಂದು ಕೋಲೆತ್ತಿದವರು ಒಂದು ಕಡೆ, ಜೀವ ನೋಯುತ್ತಿದೆಯೆಂದು ಕುಳಿತವನು ಇನ್ನೊಂದು ಕಡೆ. ಈ ಕಥೆಯನ್ನು ಪ್ರತಿ ವರ್ಷವೂ ಹೇಳುತ್ತಿದ್ದ ನಾನು ಆ ಬೆಳಗಿನಲ್ಲಿ ಯಾವ ಕಡೆ ನಿಂತಿದ್ದೆನೆಂದು ಬೇರೆ ಹೇಳಬೇಕಾಗಿಲ್ಲ.

ಸಮೀಪದ ಊರಿನಲ್ಲಿ ಚಾತುರ್ಮಾಸಕ್ಕೆ ನೆಲೆಸಿದ್ದ ಮುನಿಮಹಾರಾಜರ ಬಳಿಗೆ ಹೋಗಿ ಆಲೋಚನೆ ಮಾಡಿದೆ. ನಡೆದುದನ್ನು ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: “ಮೊಮ್ಮಗ ಬಾಯಿಬಿಡದೆ ಇದ್ದಿದ್ದರೆ ಬರುತ್ತಿದ್ದಿರಾ?” ನಾನು ಉತ್ತರ ಕೊಡಲಾರದೆ ತಲೆ ತಗ್ಗಿಸಿದೆ. ಆಗ ನನಗೆ ಕಾಳನ ತಗ್ಗಿದ ತಲೆ ನೆನಪಾಯಿತು.

ಆಲೋಚನೆಗೆ ಹತ್ತು ದೋಷಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ‘ದೃಷ್ಟ’: ಇತರರು ಕಂಡ ತಪ್ಪನ್ನು ಮಾತ್ರ ಹೇಳಿ, ಕಾಣದ್ದನ್ನು ಬಚ್ಚಿಡುವುದು. ಇನ್ನೊಂದು ‘ಆಕಂಪಿತ’: ಗುರುವಿಗೆ ಕನಿಕರ ಬರುವಂತೆ ನಡೆದುಕೊಂಡು ಹಗುರವಾದ ಪ್ರಾಯಶ್ಚಿತ್ತ ಪಡೆಯುವುದು. ಶಿಕ್ಷೆ ಹಗುರವಾಗಲೆಂದು ತಲೆ ತಗ್ಗಿಸುವುದು, ಸಿಕ್ಕಿಬಿದ್ದಾಗ ಮಾತ್ರ ಕಣ್ಣು ತಗ್ಗಿಸುವುದು! ನಾಯಿಯಲ್ಲಿ ಪಶ್ಚಾತ್ತಾಪವನ್ನು ಹುಡುಕಲು ಹೊರಟ ನಾವು, ನಮ್ಮ ಪಶ್ಚಾತ್ತಾಪದಲ್ಲಿ ನಾಯಿಯ ಭಯವೆಷ್ಟಿದೆಯೆಂದು ನೋಡಿಕೊಂಡಿದ್ದೇವೆಯೇ? ಪಕ್ಷಕ್ಕೊಮ್ಮೆ ಪ್ರತಿಕ್ರಮಣದ ಪಾಠವನ್ನು ಒಪ್ಪಿಸುವಾಗ ನಮ್ಮೊಳಗೆ ನಿಂದೆ ಇರುತ್ತದೆಯೇ, ನರಕದ ಭಯವೇ, ಅಥವಾ ಪಕ್ಕದವರು ನೋಡುತ್ತಿದ್ದಾರೆಂಬ ನಾಚಿಕೆಯೇ?

ಇಲ್ಲಿ ಒಂದು ವ್ಯತ್ಯಾಸವಿದೆ. ಅದು ನಮಗೆ ಅನುಕೂಲವಾದುದಲ್ಲ. ಗದರಿಕೆಗೆ ತಲೆ ತಗ್ಗಿಸುವ ನಾಯಿ ನಿಜವಾಗಿಯೂ ಹೆದರಿರುತ್ತದೆ. ಅದರ ಒಳಗಿದ್ದ ಭಯವೇ ಹೊರಗೆ ಕಂಡಿತು. ಒಳಗೆ ಪಶ್ಚಾತ್ತಾಪವಿಲ್ಲದೆ ಹೊರಗೆ ಅದರ ಮುಖವನ್ನು ತೋರುವ ಮನುಷ್ಯನಲ್ಲಿ ಒಳಗು ಬೇರೆ, ಹೊರಗು ಬೇರೆ. ಅದಕ್ಕೆ ಶಾಸ್ತ್ರದಲ್ಲಿರುವ ಹೆಸರು ಮಾಯೆ. ತಿರ್ಯಂಚಾಯುವಿನ ಆಸ್ರವಕ್ಕೆ ತತ್ತ್ವಾರ್ಥಸೂತ್ರ ಹೇಳುವ ಕಾರಣವೂ ಅದೇ, ಮಾಯೆ. ನಾಯಿಯ ಜನ್ಮಕ್ಕೆ ದಾರಿ ಯಾವುದೆಂದು ಕೇಳುವವರು ಈ ಮಾತನ್ನು ಎರಡು ಸಲ ಯೋಚಿಸಬೇಕು.

ಮಹಾರಾಜರು ನನಗೆ ಕೊಟ್ಟ ಪ್ರಾಯಶ್ಚಿತ್ತವನ್ನೂ ಹೇಳಿ ಮುಗಿಸುತ್ತೇನೆ. ರಸಪರಿತ್ಯಾಗದಲ್ಲಿ ತುಪ್ಪವನ್ನು ಬಿಡಬೇಕು. ದಿನವೂ ನನ್ನ ಊಟಕ್ಕೆ ಮೊದಲು ನನ್ನ ಕೈಯಿಂದಲೇ ಕಾಳನಿಗೆ ಅನ್ನ ಹಾಕಬೇಕು. ಎಷ್ಟು ದಿನವೆಂದು ಕೇಳಿದೆ. “ನಿಮ್ಮನ್ನು ಕಂಡಾಗ ಅದು ತಲೆ ತಗ್ಗಿಸುವುದನ್ನು ನಿಲ್ಲಿಸುವವರೆಗೆ” ಎಂದರು. ವಾರವೊಂದು ಸಾಕೆಂದು ಎಣಿಸಿದ್ದೆ. ಭಾದ್ರಪದ ಕಳೆಯಿತು, ದೀಪಾವಳಿಯ ನಿರ್ವಾಣಪೂಜೆ ಕಳೆಯಿತು. ಅನ್ನ ತಿನ್ನುತ್ತಿತ್ತು, ಕೈ ಮೇಲೆದ್ದರೆ ಕುಗ್ಗುತ್ತಿತ್ತು. ಪುಷ್ಯಮಾಸದ ಒಂದು ಬೆಳಿಗ್ಗೆ ನಾನು ಅನ್ನದ ತಟ್ಟೆ ಹಿಡಿದು ಬಂದಾಗ ಅದು ತಲೆಯೆತ್ತಿ, ನೇರವಾಗಿ ನನ್ನ ಮುಖವನ್ನು ನೋಡುತ್ತ ನಿಂತಿತು. ಹೊಡೆದದ್ದು ಕಾಲು ಗಳಿಗೆಯೂ ಅಲ್ಲ. ಆ ಭಯ ಅಳಿಯಲು ನಾಲ್ಕು ತಿಂಗಳು ಹಿಡಿಯಿತು.

ಆದುದರಿಂದ ವ್ರತಧಾರಿಗಳಾದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟು. ಮನೆಯಲ್ಲಿ, ಬೀದಿಯಲ್ಲಿ, ಕೊಟ್ಟಿಗೆಯಲ್ಲಿ ಇರುವ ಮೂಕಜೀವದ ಮುಖವನ್ನು ತಪ್ಪೊಪ್ಪಿಗೆಯ ಪತ್ರವೆಂದು ಓದಬೇಡಿರಿ. ಚಪ್ಪಲಿ ಹರಿದರೆ ಚಪ್ಪಲಿಯನ್ನು ಮೇಲಿಡಿರಿ. ತಟ್ಟೆ ಮಗುಚಿದರೆ ತಟ್ಟೆಯನ್ನು ಒಳಗಿಡಿರಿ. ಮಾಡಿ ಬಹಳ ಹೊತ್ತಾದ ಮೇಲೆ ಕೊಟ್ಟ ಪೆಟ್ಟು ಯಾವುದಕ್ಕೆಂದು ಆ ಜೀವಕ್ಕೆ ತಿಳಿಯುವುದಿಲ್ಲ. ಹೊಡೆದವರು ಯಾರೆಂಬುದು ಮಾತ್ರ ತಿಳಿಯುತ್ತದೆ. ಶಿಕ್ಷೆಯೆಂದು ಯಾವ ಪ್ರಾಣಿಗೂ ಅನ್ನ ನೀರು ತಡೆಯಬೇಡಿರಿ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿದ್ದವರು ಆ ದಿನ ಮನೆಯಾಶ್ರಿತ ಜೀವಗಳಿಗೆ ಅನ್ನ ಸಂದಿತೇ ಎಂದು ಒಮ್ಮೆ ವಿಚಾರಿಸಿರಿ. ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ, ಯಾರೂ ಕಾಣದ ಒಂದು ತಪ್ಪನ್ನು ಮೊದಲು ಹೇಳಿಕೊಳ್ಳಿರಿ.

ಆ ಶ್ರಾವಿಕೆಯ ಪ್ರಶ್ನೆಗೆ ಗೋಷ್ಠಿಯಲ್ಲಿ ನಾನು ಕೊಟ್ಟ ಉತ್ತರ ಇಷ್ಟೆ: “ತಾಯಿ, ನಾಯಿಗೆ ಪಶ್ಚಾತ್ತಾಪವಿದೆಯೋ ಇಲ್ಲವೋ ಕೇವಲಿಗಳು ಬಲ್ಲರು. ಅದು ಮಂಚದ ಕೆಳಗೆ ಸೇರುವುದು ನಿಮ್ಮ ಭಯಕ್ಕೆ. ಮೊದಲು ಅದನ್ನು ಅಲ್ಲಿಂದ ಹೊರಗೆ ಕರೆಯಿರಿ.”

ಸರ್ವಜೀವಗಳಿಗೂ ಅಭಯವುಂಟಾಗಲಿ. ಜೈ ಜಿನೇಂದ್ರ.